ಓನರಮ್ಮನ ಆಷಾಢ

"ನಮ್ಮಮ್ಮ ತುಂಬ ಸಂಪ್ರದಾಯಸ್ಥರು. ಆಷಾಢದಲ್ಲಿ ಒಬ್ಬ ಬಾಡಿಗೆದಾರರನ್ನೂ ಖಾಲಿ ಮಾಡಿಸಿದವರಲ್ಲ" ಎಂದು ಓನರಮ್ಮನ ಮಗ ಮೈಕಿನಲ್ಲಿ ಹೇಳಿದಾಗ ಶಾಮಿಯಾನದ ಕೆಳಗೆ ಕೂತಿದ್ದವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ.

ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ಅವರ ಉತ್ತರಕ್ರಿಯೆಯ ಶಿವಗಣಾರಾಧನೆ. ರಸ್ತೆಯ ಅರ್ಧಕ್ಕೆ ಶಾಮಿಯಾನ, ಇನ್ನರ್ಧಕ್ಕೆ ಬಂದವರ ಸ್ಕೂಟರುಗಳು. ಅವರ ಫೋಟೋಗೆ ಹಾರ ಹಾಕಿ ಪ್ಲಾಸ್ಟಿಕ್ ಕುರ್ಚಿಯೊಂದರ ಮೇಲೆ ಒರಗಿಸಿದ್ದರು. ಗಾಳಿ ಬೀಸಿದಾಗಲೆಲ್ಲ ಫೋಟೋ ಮುಂದಕ್ಕೆ ಬಾಗುತ್ತಿತ್ತು, ಸೊಸೆ ಎದ್ದು ಹೋಗಿ ಹಿಂದಕ್ಕೆ ತಳ್ಳುತ್ತಿದ್ದರು. ಬದುಕಿದ್ದಾಗಲೂ ಅವರು ಹಾಗೆಯೇ. ಪಕ್ಕದಲ್ಲಿ ಯಾರಾದರೂ ಪಿಸುಗುಟ್ಟಿದರೆ ಮುಂದಕ್ಕೆ ಬಾಗಿ "ಏನಂದಿ?" ಎನ್ನುತ್ತಿದ್ದರು.

ಅವರಿಗೂ ಆಷಾಢಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆ ಸಂಬಂಧವನ್ನು ಹುಟ್ಟಿಸಿದವನು ನಾನು. ಅದನ್ನು ಬೆಳೆಸಿದವರು ಅವರು. ಈಗ ಅದು ಮೈಕಿನಲ್ಲಿ ಬರುತ್ತಿದೆ. ಇನ್ನು ಸ್ವಲ್ಪ ವರ್ಷ ಕಳೆದರೆ ಮೊಮ್ಮಕ್ಕಳು ಅದನ್ನು ಮನೆತನದ ಪದ್ಧತಿ ಎನ್ನುತ್ತಾರೆ. ಅದಕ್ಕೆ ಮೊದಲು ನನಗೆ ನೆನಪಿರುವುದನ್ನು ಬರೆದಿಡೋಣ ಅಂತ ಕೂತೆ. ಕೂತ ಮೇಲೆ ತಿಳಿಯಿತು, ನನ್ನದೂ ಅಂಥ ನಂಬುವಂಥ ನೆನಪಲ್ಲ. ಒಂದು ಸಲ ಅವರು ಕರುಣಾಳುವಾಗಿ ಕಾಣುತ್ತಾರೆ, ಇನ್ನೊಂದು ಸಲ ಶುದ್ಧ ಜಗಳಗಂಟಿಯಾಗಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಸಿಗುವ ಹೆಂಗಸು ಅವರಲ್ಲ. ಅದು ಮಾತ್ರ ಖಂಡಿತ.

ಅವರ ಹೆಸರು ಅಗ್ರಿಮೆಂಟಿನಲ್ಲಿತ್ತು, ಬೀದಿಯಲ್ಲಿ ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವರು ಓನರಮ್ಮ. ಆ ಬೀದಿಯಲ್ಲಿ ಮನೆ ಓನರುಗಳು ಬೇಕಾದಷ್ಟು ಜನ ಇದ್ದರು, ಓನರಮ್ಮ ಮಾತ್ರ ಇವರೊಬ್ಬರೇ. ಹಾವೇರಿ ಕಡೆಯಿಂದ ಮದುವೆಯಾಗಿ ಬಂದವರು. ಯಜಮಾನರು ಸರ್ಕಾರಿ ಕಚೇರಿಯಲ್ಲಿದ್ದು ಮನೆ ಕಟ್ಟಿಸಿ ತೀರಿಕೊಂಡಿದ್ದರು. ಕೆಳಗೆ ಇವರು, ಮೊದಲನೇ ಮಹಡಿಯಲ್ಲಿ ಬಾಡಿಗೆದಾರರು, ತಾರಸಿಯ ಮೇಲೆ ಶೀಟು ಹಾಕಿದ ಒಂದು ರೂಮು. ಸಮಾಧಾನವಿದ್ದಾಗ ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದರು, ಸಿಟ್ಟು ಬಂದರೆ ಹಾವೇರಿಯದು. ಅವರ ಮನಸ್ಸು ಹೇಗಿದೆ ಎಂದು ತಿಳಿಯಲು ಮುಖ ನೋಡಬೇಕಾಗಿರಲಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲೂ ಅವರ ಕೈಯಲ್ಲಿ ಟಾರ್ಚು. ಗೇಟಿನ ಪಕ್ಕದ ಸಂಪಿನ ಮುಚ್ಚಳ ಸರಿಸಿ, ಒಳಗೆ ಬೆಳಕು ಬಿಟ್ಟು, ಶಾಸ್ತ್ರ ಹೇಳುವವರಂತೆ ನೀರು ನೋಡುತ್ತಿದ್ದರು. ಯಾರು ಎಷ್ಟು ಹೊತ್ತು ಸ್ನಾನ ಮಾಡಿದರು, ಯಾರ ಮನೆಗೆ ನೆಂಟರು ಬಂದಿದ್ದಾರೆ, ಎಲ್ಲವೂ ಅವರಿಗೆ ನೀರಿನಲ್ಲೇ ಕಾಣುತ್ತಿತ್ತು. ಮೋಟಾರಿನ ಸ್ವಿಚ್ಚು ಅವರ ಹಾಲಿನೊಳಗೆ. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಫೋನಿನಲ್ಲಿ ಬಂದ ದುಡ್ಡು ಅವರ ಲೆಕ್ಕಕ್ಕೆ ದುಡ್ಡೇ ಅಲ್ಲ. ಬಾಡಿಗೆಯನ್ನು ತಿಂಗಳ ಮೊದಲ ವಾರ ಕವರಿನಲ್ಲಿ ಹಾಕಿ, ಗೇಟಿನ ಹತ್ತಿರ, ಬೀದಿ ನೋಡುವಂತೆ ಕೊಡಬೇಕು. ಅವರು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

ಇನ್ನು ಮೊಳೆ. ಮನೆ ನೋಡಲು ಹೋದ ದಿನ ನನ್ನ ಹೆಂಡತಿ ಗೋಡೆ ಸವರುತ್ತಾ "ಇಲ್ಲೊಂದು ಫೋಟೋ ಹಾಕಿದ್ರೆ ಚೆನ್ನಾಗಿರುತ್ತೆ" ಎಂದಳು. ಓನರಮ್ಮ ಮುಂದಕ್ಕೆ ಬಾಗಿದರು.

"ಏನಂದಿ?"

"ಫೋಟೋ, ಆಂಟಿ."

"ಮನೆ ನಂದು, ಗೋಡೆ ನಂದು. ಮೊಳೆ ಯಾರದು?"

ನಮ್ಮ ಮದುವೆಯ ಫೋಟೋ ಅಲ್ಲಿದ್ದಷ್ಟು ವರ್ಷವೂ ಫ್ರಿಜ್ಜಿನ ಮೇಲೆ ಒರಗಿಕೊಂಡಿತ್ತು. ಬಾಗಿಲು ಜೋರಾಗಿ ಹಾಕಿದರೆ ಬೀಳುತ್ತಿತ್ತು. ಕೊನೆಕೊನೆಗೆ ಬಾಗಿಲುಗಳು ಜೋರಾಗಿಯೇ ಬೀಳುತ್ತಿದ್ದವು.

ಕೀ ಕೊಟ್ಟದ್ದು ಅಮಾವಾಸ್ಯೆಯ ದಿನ, ರಾಹುಕಾಲದಲ್ಲಿ. ನನ್ನ ಅತ್ತೆ ತುಮಕೂರಿನಿಂದ ಫೋನ್ ಮಾಡಿ ಅತ್ತರು, ಎರಡು ದಿನ ತಡೆಯಿರಿ ಎಂದರು. ಓನರಮ್ಮ ಫೋನು ಕಿತ್ತುಕೊಂಡು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ, ಅಥವಾ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೇನೆ.

"ನಮ್ಮಲ್ಲಿ ಅದೆಲ್ಲ ಇಲ್ಲರೀ. ಎಲ್ಲಾ ದಿನಾನೂ ಶಿವಂದೇ. ನನ್ನ ಮದುವೆ ಆಷಾಢದಾಗ ಆಗೈತಿ. ಸಾಯೋತನಕ ಸಂಸಾರ ಮಾಡ್ಯಾರ ನಮ್ಮನಿಯವರು, ಪಂಚಾಂಗ ಕೇಳಿ ಸತ್ತಿಲ್ಲ."

ಅತ್ತೆ ಫೋನಿಟ್ಟರು. ಮುಂದೆ ನಮ್ಮ ಮದುವೆ ಮುರಿದಾಗ "ನಾನು ಅವತ್ತೇ ಹೇಳಿದ್ದೆ, ರಾಹುಕಾಲ" ಎಂದರು. ಮುರಿದದ್ದಕ್ಕೆ ನಾನು ಕೇಳಿದ ಕಾರಣಗಳಲ್ಲಿ ಅದೇ ಹೆಚ್ಚು ಸಮಾಧಾನ ಕೊಡುವಂಥದ್ದು. ನನ್ನನ್ನು ಕೇಳಿದರೆ ವರ್ಷಕ್ಕೊಂದು ಕಾರಣ ಹೇಳುತ್ತೇನೆ, ಒಂದೂ ಸುಳ್ಳಲ್ಲ. ಇಲ್ಲಿಗೆ ಬೇಕಾದದ್ದು ಇಷ್ಟೇ. ಒಂದು ಜೂನ್ ಕೊನೆಯಲ್ಲಿ ಅವಳು ಎರಡು ಸೂಟ್‌ಕೇಸ್ ತೆಗೆದುಕೊಂಡು ಮಹಾಲಕ್ಷ್ಮಿ ಲೇಔಟಿನ ತನ್ನ ಅಕ್ಕನ ಮನೆಗೆ ಹೋದಳು. ಬಾಡಿಗೆಯನ್ನು ಇಬ್ಬರೂ ಅರ್ಧರ್ಧ ಹಾಕುತ್ತಿದ್ದೆವು. ಅರ್ಧ ಹೊರಟುಹೋಯಿತು, ಬಾಡಿಗೆ ಹೋಗಲಿಲ್ಲ. ನನ್ನ ಸಂಬಳ ಒಂದು ಸಣ್ಣ ಮುದ್ರಣ ಸಂಸ್ಥೆಯಲ್ಲಿ ಕರಡು ತಿದ್ದುವವನ ಸಂಬಳ. ಅದರಲ್ಲಿ ಆ ಮನೆಯ ಅಡುಗೆಮನೆ ಮತ್ತು ಅರ್ಧ ಬಾಲ್ಕನಿಗೆ ಬಾಡಿಗೆ ಕಟ್ಟಬಹುದಾಗಿತ್ತು.

ಅಗ್ರಿಮೆಂಟಿನಲ್ಲಿ ಇನ್ನೊಂದು ಸಾಲಿತ್ತು: ಮನೆ ಕುಟುಂಬದ ವಾಸಕ್ಕೆ ಮಾತ್ರ. ಈ ಒಂದು ವಿಷಯದಲ್ಲಿ ಓನರಮ್ಮ ಇಡೀ ಬೀದಿಯ ಪೊಲೀಸು. ಹಿಂದಿನ ವರ್ಷ ಎದುರುಮನೆಯ ರಿಟೈರ್ಡ್ ಹೆಡ್‌ಮಾಸ್ಟರು ತಮ್ಮ ಹಿಂದಿನ ರೂಮನ್ನು ಮೂವರು ಹುಡುಗರಿಗೆ ಕೊಟ್ಟಿದ್ದರು. ಊಟ ತಿಂಡಿ ಡೆಲಿವರಿ ಮಾಡುವ ಹುಡುಗರು, ಹಾವೇರಿ ಕಡೆಯವರೇ. ತಮ್ಮೂರಿನವರು ಎಂಬ ದಾಕ್ಷಿಣ್ಯವೂ ಇಲ್ಲದೆ "ಹೆಣ್ಣುಮಕ್ಕಳಿರೋ ಬೀದಿ, ಬ್ಯಾಚುಲರ್ಸ್ ಬೇಡ" ಎಂದು ಗದ್ದಲವೆಬ್ಬಿಸಿ ಖಾಲಿ ಮಾಡಿಸಿದ್ದರು. ಹೆಡ್‌ಮಾಸ್ಟರ ರೂಮು ಆಮೇಲೆ ಬಹಳ ದಿನ ಬೀಗ ಹಾಕಿಕೊಂಡೇ ಇತ್ತು. ಆ ಬೀಗವನ್ನು ಅವರು ಓನರಮ್ಮನಿಗೆ ಕಾಣುವಂತೆ ಆಗಾಗ ಒರೆಸುತ್ತಿದ್ದರು.

ಹೀಗಾಗಿ ನಾನು ಯಾವ ತಪ್ಪೂ ಮಾಡದೆ, ಒಂದು ಸಂಜೆ ಮನೆಯಲ್ಲಿ ಕೂತಿದ್ದಂತೆಯೇ, ಬ್ಯಾಚುಲರ್ ಆಗಿಬಿಟ್ಟಿದ್ದೆ.

ಅವಳು ಹೋದ ಕೆಲವು ದಿನಕ್ಕೆ ಸಂಪಿನ ಬಳಿ ಸಿಕ್ಕಿಬಿದ್ದೆ. ಓನರಮ್ಮ ತಲೆಯೆತ್ತಲಿಲ್ಲ. ಟಾರ್ಚು ನೀರಿನ ಮೇಲೇ ಇತ್ತು.

"ಹೆಂಡ್ತಿ ಕಾಣ್ತಿಲ್ವಲ್ಲ ತಮ್ಮಾ?"

ಮದುವೆಗೆ ಹೋಗಿದ್ದಾಳೆ ಎನ್ನಬಹುದಿತ್ತು. ಆಫೀಸಿನ ಟೂರು ಎನ್ನಬಹುದಿತ್ತು. ಕ್ಯಾಲೆಂಡರಿನ ಹಾಳೆ ಆಗತಾನೇ ತಿರುಗಿಸಿದ್ದೆನೋ ಏನೋ, ಬಾಯಿಗೆ ಬಂದದ್ದು ಬೇರೆ.

"ಆಷಾಢ ಅಲ್ವಾ ಅಮ್ಮ. ತವರಿಗೆ ಹೋಗಿದಾಳೆ."

ಆಷಾಢಕ್ಕೆ ತವರಿಗೆ ಹೋಗುವವಳು ಹೊಸ ಮದುಮಗಳು, ಅದೂ ಮೊದಲ ವರ್ಷ. ಇದು ಬಸವೇಶ್ವರನಗರದ ಬೀದಿನಾಯಿಗೂ ಗೊತ್ತು. ಓನರಮ್ಮ ಟಾರ್ಚು ಆರಿಸಿದರು.

"ಮದುವೆ ಆಗಿ ಎಷ್ಟು ವರ್ಷ ಆಯ್ತು?"

"ಎಂಟು."

"ಹ್ಞಾಂ." ಮುಚ್ಚಳ ಎಳೆದರು. "ಎಂಟನೇ ಆಷಾಢ. ಭಾಳ ಶಾಸ್ತ್ರ ಐತಿ ನಿಮ್ಮ ಮನೆತನದಾಗ."

ಅಷ್ಟೇ. ಒಳಗೆ ಹೋದರು. ಮಾರನೇ ದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಿದ್ದೆ, ಕೆಳಗೆ ಹೆಡ್‌ಮಾಸ್ಟರ ದನಿ ಕೇಳಿಸಿತು.

"ಏನಮ್ಮಾ, ಮೇಲ್ಗಡೆ ಮನೆಯವರು ಕಾಣ್ತಾನೇ ಇಲ್ಲ? ಹುಡುಗ ಒಬ್ನೇ ಓಡಾಡ್ತಾನೆ."

"ಆಷಾಢ ಅಲ್ವಾ ಸಾರ್" ಎಂದರು ಓನರಮ್ಮ, ಬೀದಿಗೆಲ್ಲ ಕೇಳುವಂತೆ. "ನಿಮ್ಮ ಮನೆಗೆ ಬಂದೋರಂಗಲ್ಲ ಇವರು. ಶಾಸ್ತ್ರ ಗೊತ್ತಿರೋ ಜನ."

"ಶಾಸ್ತ್ರಾನಾ? ನಿಮ್ಮನೇಲಾ?"

"ಯಾಕೆ, ನಮ್ಮ ಮನೆಗೆ ಆಷಾಢ ಬರಬಾರದಾ? ಬಿಬಿಎಂಪಿ ಪರ್ಮಿಷನ್ ಬೇಕಾ?"

ನಾನು ಬ್ರಷ್ಷು ಬಾಯಲ್ಲಿಟ್ಟುಕೊಂಡು ಒಳಗೆ ಸರಿದೆ. ಇಲ್ಲಿ ಓದುವವರು ಓನರಮ್ಮನ ಹೃದಯವೈಶಾಲ್ಯ ಅಂದುಕೊಳ್ಳಬಹುದು. ಅವಸರ ಬೇಡ. ಮೇಲಿನ ಮನೆಯಲ್ಲಿ ಬ್ಯಾಚುಲರ್ ಇದ್ದಾನೆ ಎಂದು ಗೊತ್ತಾದರೆ ಹೆಡ್‌ಮಾಸ್ಟರು ಬೀಗ ತೆಗೆದುಕೊಂಡು ಬಂದು ಇವರ ಗೇಟಿಗೇ ಹಾಕುತ್ತಿದ್ದರು. ಓನರಮ್ಮ ಉಳಿಸುತ್ತಿದ್ದದ್ದು ನನ್ನನ್ನೋ, ತಮ್ಮ ಮುಖವನ್ನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಬಾಡಿಗೆಯ ವಾರ ಬಂತು. ನಿಜ ಹೇಳಿಬಿಡೋಣ ಎಂದು ಮಾತು ಜೋಡಿಸಿಕೊಂಡು ಕೆಳಗಿಳಿದೆ. ಅವರು ಮೋಟಾರ್ ಹಾಕಿ ಸ್ವಿಚ್ಚಿನ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು.

"ಅಮ್ಮ, ಒಂದು ವಿಷಯ. ಅವಳು..."

"ಟ್ಯಾಂಕ್ ತುಂಬ್ತಾ ನೋಡು."

"ತುಂಬಿಲ್ಲ. ಅವಳು ವಾಪಸ್ ಬರಲ್ಲ ಅಮ್ಮ. ನಾವು..."

"ಆಷಾಢ ಮುಗಿದಿಲ್ಲ."

"ಮುಗಿದ ಮೇಲೂ..."

"ಸುಮ್ಕ ಕುಂದ್ರು!" ಹಾವೇರಿ ಬಂದಿತ್ತು. "ಕಿಟಕಿ ತೆಗದೈತಿ, ಕಾಣಂಗಿಲ್ಲೇನು? ಬಾಡಿಗಿ ಐತೇನು ಕೈಯಾಗ?"

"ಅರ್ಧ ಇದೆ."

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಬೆಂಗಳೂರಿಗೆ ವಾಪಸ್ ಬಂದು ಹೇಳಿದರು: "ಅರ್ಧ ನೀನೇ ಇಟ್ಕೊ, ಊಟ ಮಾಡು. ಬಾಡಿಗೆ ಅಡ್ವಾನ್ಸಲ್ಲಿ ಮುರ್ಕೊತೀನಿ. ಆದರೆ ಕವರ್ ತಗೊಂಡು ಬಾ."

"ಕವರಲ್ಲಿ ಏನು ಹಾಕ್ಲಿ?"

"ನನ್ನ ಕೇಳ್ತೀಯಲ್ಲ! ಏನಾದ್ರೂ ಹಾಕು. ಮೇಷ್ಟ್ರು ಕಣ್ಣು ಹದ್ದಿನ ಕಣ್ಣು, ದಪ್ಪ ಕಾಣಬೇಕು."

ಮರುದಿನ ಪೇಪರಿನೊಳಗೆ ಬಂದಿದ್ದ ಸಂಪು ತೊಳೆಯುವವರ ಜಾಹೀರಾತನ್ನು ಮಡಚಿ ಕವರಿಗೆ ಹಾಕಿ ಗೇಟಿನ ಹತ್ತಿರ ಕೊಟ್ಟೆ. ಓನರಮ್ಮ ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದರು. "ತಾರೀಖು ತಪ್ಪಲ್ಲ ನೋಡಿ ಹುಡುಗ" ಎಂದು ಎದುರುಮನೆಯ ಕಡೆ ತಿರುಗಿ ಹೇಳಿದರು. ಸಂಜೆ ಮೆಟ್ಟಿಲಲ್ಲಿ ಸಿಕ್ಕಾಗ ಬೈದರು: "ಸಂಪು ತೊಳೆಯೋದಕ್ಕೆ ಅಷ್ಟು ದುಡ್ಡು ಕೇಳ್ತಾರಾ ಇವರು? ಕಳ್ಳರು!"

ಶ್ರಾವಣ ಬಂತು. ಆಷಾಢ ಮುಗಿದಿರಬೇಕಿತ್ತು, ಓನರಮ್ಮನಿಗೆ ಮುಗಿಯಲಿಲ್ಲ. "ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಲ್ಲೇ ಮುಗಿಸ್ಕೊಂಡು ಬರೋದು" ಎಂದರು ಹೆಡ್‌ಮಾಸ್ಟರಿಗೆ. ಪಂಚಮಿ ಕಳೆದ ಮೇಲೆ ಗೌರಿ ಹಬ್ಬ, ಬಾಗಿನ. ಗೌರಿ ಹೋದ ಮೇಲೆ ಪಿತೃಪಕ್ಷ, ಆಗ ಯಾರಾದರೂ ಮನೆ ಸೇರುತ್ತಾರಾ? ಪಂಚಾಂಗವನ್ನೇ ಮುಟ್ಟದ ಹೆಂಗಸು ಅದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಹೆಡ್‌ಮಾಸ್ಟರು ಒಂದು ದಿನ ಕೈಮುಗಿದು ಹೇಳಿದರು: "ಅಮ್ಮಾ, ನಾನು ಬ್ರಾಹ್ಮಣ. ನಮ್ಮನೇಲಿ ಇಷ್ಟೊಂದು ಇಲ್ಲ."

ಮಗ ಬಂದದ್ದು ಈ ನಡುವೆ, ಆಷಾಢ ಇನ್ನೂ ನಿಜವಾಗಿ ಇದ್ದಾಗಲೇ ಇರಬೇಕು. ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿದ್ದ ಮಗ ಭಾನುವಾರಗಳಂದು ತಾಯಿಯನ್ನು ನೋಡಲು ಬರುತ್ತಿದ್ದರು. ಅಡ್ವಾನ್ಸಿನಲ್ಲಿ ಮುರಿಯುವ ಸಂಗತಿ ಹೇಗೋ ಅವರಿಗೆ ತಿಳಿದಿತ್ತು. ಹಾಲಿನ ಮಾತು ನನ್ನ ಅಡುಗೆಮನೆಯ ಪೈಪಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಮ್ಮ, ಪಾರ್ಟಿ ರೆಡಿ ಇದೆ. ಬ್ಯಾಂಕಲ್ಲಿ ಕೆಲಸ, ಫ್ಯಾಮಿಲಿ. ಜಾಸ್ತಿ ಬಾಡಿಗೆ ಕೊಡ್ತಾರೆ. ಇವನ್ನ ಖಾಲಿ ಮಾಡ್ಸು."

"ಆಷಾಢದಲ್ಲಿ ಯಾರು ಬರ್ತಾರೆ?"

"ಬರ್ತೀನಿ ಅಂತ ಅವರೇ ಹೇಳ್ತಿದಾರಲ್ಲಮ್ಮ!"

"ಆಷಾಢದಲ್ಲಿ ಮನೆ ಬದಲಾಯಿಸ್ತಾನೆ ಅಂದ್ರೆ ಅವನು ಎಂಥ ಫ್ಯಾಮಿಲಿ? ಬೇಡ."

"ನೀನು ಯಾವಾಗಿಂದಮ್ಮ ಆಷಾಢ ಶುರು ಮಾಡಿದ್ದು? ನನ್ನ ಮದುವೆ ಮುಹೂರ್ತಕ್ಕೆ ಜೋಯಿಸರು ಬಂದ್ರೆ ಗೇಟಿಂದಾನೇ ಓಡಿಸಿದೆ!"

"ವಯಸ್ಸಾಯ್ತು ಕಣೋ. ಭಯ ಆಗುತ್ತೆ" ಎಂದರು ಓನರಮ್ಮ. ಆ ದನಿಯಲ್ಲಿ ಭಯ ಲವಲೇಶವೂ ಇರಲಿಲ್ಲ. ಮಗ ಮಾತ್ರ ನಂಬಿದರು. ಮೈಕಿನಲ್ಲಿ ಹೇಳಿದ ಮಾತು ಹುಟ್ಟಿದ್ದು ಅವತ್ತೇ, ನನ್ನ ಸಿಂಕಿನ ಕೆಳಗೆ.

ಇಷ್ಟರಲ್ಲಿ ಒಂದು ತೊಡಕು ಬೆಳೆಯುತ್ತಿತ್ತು. ಆ ಅಡ್ವಾನ್ಸು ನನ್ನೊಬ್ಬನದಲ್ಲ, ಅದರಲ್ಲಿ ಅರ್ಧ ಅವಳದು. ಅವಳು ಬೇರೆ ಮನೆ ಹಿಡಿಯಬೇಕು, ಅಲ್ಲಿಗೂ ಅಡ್ವಾನ್ಸು ಬೇಕು. "ಅವಸರ ಇಲ್ಲ, ಆದ್ರೆ ನೆನಪಿಟ್ಕೊ" ಎಂದು ಮೆಸೇಜು ಹಾಕಿದ್ದಳು. ಅವಸರ ಇಲ್ಲ ಎಂದರೆ ಇದೆ ಎಂದರ್ಥ, ಅಷ್ಟು ಸಂಸಾರ ನಾನೂ ಮಾಡಿದ್ದೆ. ನನ್ನ ಪಾಲು ಆಗಲೇ ಕರಗುತ್ತಾ ಬಂದಿತ್ತು. ಇನ್ನು ನಾನು ಆ ಮನೆಯಲ್ಲಿ ಉಳಿದಷ್ಟೂ ದಿನ ಅವಳ ಪಾಲನ್ನು ತಿನ್ನುತ್ತಾ ಕೂತಿರಬೇಕು. ಬಿಟ್ಟುಹೋಗೋಣವೆಂದರೆ ಎಲ್ಲಿಗೆ? ನಂದಿನಿ ಲೇಔಟಿನಿಂದ ಕೆಂಗೇರಿಯವರೆಗೆ ಟು-ಲೆಟ್ ಬೋರ್ಡುಗಳನ್ನು ನೋಡುತ್ತಾ ತಿರುಗಿದೆ. "ಫ್ಯಾಮಿಲಿನಾ?" ಎನ್ನುತ್ತಿದ್ದರು. "ಇತ್ತು" ಎನ್ನುತ್ತಿದ್ದೆ. ಗೇಟು ಮುಚ್ಚುತ್ತಿತ್ತು.

ಕೊನೆಗೆ ಓನರಮ್ಮನಿಗೆ ಹೇಳಿದೆ. ಈ ಸಲ ಕಿಟಕಿ ಮುಚ್ಚಿ ಹೇಳಿದೆ. ಅವರು ಪೂರ್ತಿ ಕೇಳಿ, ಕನ್ನಡಕ ಹುಡುಕಿ, ಅಗ್ರಿಮೆಂಟಿನ ಪ್ರತಿ ತೆಗೆದು, ಅದರಲ್ಲಿದ್ದ ನಂಬರಿಗೆ ನನ್ನ ಎದುರೇ ಫೋನ್ ಮಾಡಿದರು. "ತಂಗೀ, ಆಷಾಢ ಸಾಕು. ಭಾನುವಾರ ಬಂದುಹೋಗು."

ಅವಳು ಬಂದಳು. ಬೀದಿಯಲ್ಲಿ ಹೆಡ್‌ಮಾಸ್ಟರು "ಬಂದ್ರಾಮ್ಮಾ ತವರಿಂದ?" ಎಂದು ಕೇಳಿದರಂತೆ. ಏನೂ ತಿಳಿಯದ ಅವಳು "ಹೂಂ ಅಂಕಲ್" ಎಂದಳಂತೆ. ಹಾಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ನಾವು ಎರಡು ತುದಿಯಲ್ಲಿ ಕೂತೆವು, ನಡುವೆ ನ್ಯಾಯಾಧೀಶರು.

"ಆಂಟಿ, ನಾನು ಯಾಕೆ ಹೋದೆ ಅಂದ್ರೆ..." ಎಂದು ಅವಳು ಶುರು ಮಾಡಿದಳು.

"ಅದು ಬೇಡ. ಗೀಜರ್ ಯಾರದು?"

"ಗೀಜರಾ? ನಂದು."

"ಫ್ಯಾನು?"

"ಹಾಲಿಂದು ನಂದು" ಎಂದೆ ನಾನು. "ಅಮ್ಮ, ಒಂದು ಮಾತು, ತಪ್ಪು ಬರೀ ನನ್ನದೇ ಅಂತ..."

"ನಿನ್ನ ತಪ್ಪು ತಗೊಂಡು ನಾನೇನ್ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ? ಫ್ರಿಜ್ಜು?"

"ನಂದು" ಎಂದಳು ಅವಳು.

"ಫ್ರಿಜ್ ಮೇಲೆ ಫೋಟೋ ಐತಲ್ಲ?"

ಓನರಮ್ಮ ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿದರು. "ಫ್ರಿಜ್ ಜೊತೆ ಬಂದಿದ್ದು ಫ್ರಿಜ್ ಜೊತೆ ಹೋಗ್ಲಿ" ಎಂದು ತೀರ್ಪು ಕೊಟ್ಟು ಬಜ್ಜಿ ಕಡಿದರು. ಅವಳಿಗೆ ನಗು ಬಂತು. ನನಗೂ ಬಂತು. ನಾವಿಬ್ಬರೂ ಒಂದೇ ವಿಷಯಕ್ಕೆ ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ. ಇಷ್ಟು ಚೆನ್ನಾಗಿ ನಗಬಲ್ಲವರು ಯಾಕೆ ಬೇರೆಯಾದರು ಎಂದು ಓನರಮ್ಮ ಕೇಳಲಿಲ್ಲ. ಆಮೇಲೂ ಯಾವತ್ತೂ ಕೇಳಲಿಲ್ಲ.

ತೀರ್ಮಾನ ಹೀಗಾಯಿತು. ಅವಳ ಅರ್ಧವನ್ನು ಅವಳಿಗೆ ಪೂರ್ತಿ ಕೊಡುವುದು. ಬಾಡಿಗೆ ಮುರಿದದ್ದೆಲ್ಲ ನನ್ನ ಅರ್ಧದಲ್ಲಿ. ನಾನು ತಾರಸಿಯ ರೂಮಿಗೆ ಹತ್ತುವುದು, ನನ್ನದರಲ್ಲಿ ಉಳಿದ ಚೂರು ಅದಕ್ಕೆ ಅಡ್ವಾನ್ಸು. ಮಹಡಿಯ ಮನೆ ಬೇರೆಯವರಿಗೆ. ಅಗ್ರಿಮೆಂಟನ್ನು ಓನರಮ್ಮ ನಮ್ಮೆದುರೇ ಹರಿದು ಬಜ್ಜಿಯ ಎಣ್ಣೆ ಒರೆಸಿಕೊಂಡರು.

ಹೊಸ ಬಾಡಿಗೆದಾರರ ಅಡ್ವಾನ್ಸು ಬಂದ ಮೇಲೆಯೇ ಹಳಬರದನ್ನು ವಾಪಸು ಕೊಡುವುದು ಬೆಂಗಳೂರಿನ ಓನರುಗಳ ನಡಾವಳಿ. ಓನರಮ್ಮ ಹೊಸಬರು ಬರುವ ಮೊದಲೇ, ಅವತ್ತೇ, ಒಳಗೆ ಹೋಗಿ ತಂದು ಅವಳ ಕೈಗಿಟ್ಟರು. ಎಲ್ಲಿಂದ ತಂದರು? ಮುಂದಿನ ವಾರ ಅವರ ಕೈಯಲ್ಲಿ ಬಳೆ ಇರಲಿಲ್ಲ ಎಂದು ಬರೆದರೆ ಈ ಬರಹ ಬಹಳ ಚೆನ್ನಾಗಿ ಮುಗಿಯುತ್ತದೆ. ಬಳೆ ಇದ್ದವು. ನಾನೇ ನೋಡಿದ್ದೇನೆ. ಹೊಸದಾಗಿ ಒಂದು ಜೊತೆ ಬಂದಂತೆಯೂ ಇತ್ತು.

ರೂಮಿಗೆ ಹತ್ತಿದ ದಿನ ಹಾಸಿಗೆ, ಪುಸ್ತಕ, ಫ್ಯಾನು ಸಾಗಿಸಿ ಮುಗಿಸಿ ಕೂತಿದ್ದೆ. ಮೆಟ್ಟಿಲಲ್ಲಿ ಏದುಸಿರು. ಮಂಡಿನೋವಿನ ಓನರಮ್ಮ ತಾರಸಿಗೆ ಬಂದಿದ್ದರು. ಒಂದು ಕೈಯಲ್ಲಿ ಸುತ್ತಿಗೆ, ತುಟಿಯಲ್ಲಿ ಮೊಳೆ.

"ಎಲ್ಲಿ ಬೇಕು?"

"ಏನಮ್ಮ?"

"ಮೊಳೆ ಕಣೋ. ಅಂಗಿ ಎಲ್ಲಿ ಹಾಕ್ತೀಯ, ತಲೆ ಮೇಲಾ?"

ಅವರು ಕಾಯಲಿಲ್ಲ. ಬಾಗಿಲಿನ ಎದುರು ಗೋಡೆಗೆ ಹೊಡೆದರು. ಮೊದಲನೆಯದು ಬಾಗಿತು. ಅದನ್ನು ನನಗೆ ಕೊಟ್ಟು, ಸೊಂಟದಿಂದ ಇನ್ನೊಂದು ತೆಗೆದು ಹೊಡೆದರು. ಅದೂ ಸ್ವಲ್ಪ ಕೆಳಮುಖವಾಗಿಯೇ ಕೂತಿತು. "ಸಾಕು" ಎಂದು ಇಳಿದುಹೋದರು. ಆ ಮನೆ ಕಟ್ಟಿದ ಮೇಲೆ ಹೊಡೆದ ಮೊದಲ ಮೊಳೆ ಅದೇ ಇರಬೇಕು. ಇದೆಲ್ಲ ಹೀಗೆಯೇ ನಡೆಯಿತು ಎಂದು ಆಣೆ ಮಾಡಲು ನಾನು ತಯಾರಿದ್ದೆ, ರೂಮು ಬಿಡುವ ದಿನದವರೆಗೆ.

ಬೀದಿಗೆ ಓನರಮ್ಮ ಕೊಟ್ಟ ವಿವರಣೆ ಇದು: "ಅವಳಿಗೆ ಬೇರೆ ಊರಲ್ಲಿ ಕೆಲಸ ಸಿಕ್ತು. ಹುಡುಗ ಬಾಡಿಗೆಯೋನಲ್ಲ, ನಮ್ಮ ಕಡೆಯೋನು, ಸಂಬಂಧಿ." ನಾನು ಗುಬ್ಬಿಯವನು. ಹೆಡ್‌ಮಾಸ್ಟರು ಹಾಲಿನ ಬೂತಿನಲ್ಲಿ ಹಿಡಿದರು.

"ಯಾವೂರಪ್ಪಾ?"

"ಬ್ಯಾಡಗಿ ಹತ್ರ ಸಾರ್... ಐತ್ರೀ."

"ಓಹೋ. ಈ ಸಲ ಮೆಣಸಿನಕಾಯಿ ಏನು ರೇಟು?"

"ಖಾರ ಐತ್ರೀ ಸಾರ್."

ಅವರು ಹಾಲಿನ ಪ್ಯಾಕೆಟ್ ಕೈಯಿಂದ ಕೈಗೆ ಬದಲಾಯಿಸಿ, "ರೂಮಲ್ಲಿ ಸೆಕೆ ಆದ್ರೆ ನಮ್ಮನೇಲಿ ಹಳೇ ಟೇಬಲ್ ಫ್ಯಾನ್ ಇದೆ, ತಗೊಂಡ್ಹೋಗು" ಎಂದರು. ಅವರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತೇ? ಬೀದಿಗೆಲ್ಲ ಗೊತ್ತಿತ್ತೇ? ಹಾಗಾದರೆ ಆ ಕವರುಗಳನ್ನು ನಾವು ಯಾರಿಗೆ ತೋರಿಸುತ್ತಿದ್ದೆವು? ಮುಂದಿನ ತಿಂಗಳಿಂದ ಅವರ ಹಿಂದಿನ ರೂಮಿನ ಬೀಗ ತೆಗೆದಿತ್ತು. ಇಬ್ಬರು ಹುಡುಗರು ಬಂದಿದ್ದರು. ಓನರಮ್ಮ ಈ ಸಲ ಗದ್ದಲವೆಬ್ಬಿಸದೆ ಸಂಪಿನೊಳಗೆ ಟಾರ್ಚು ಬಿಟ್ಟರು.

ನಾನು ರೂಮಿನಲ್ಲಿ ಎರಡು ವರ್ಷದ ಮೇಲಿದ್ದೆ. ಬಾಡಿಗೆ ನನ್ನ ಸಂಬಳಕ್ಕೆ ಸರಿಹೋಗುವಷ್ಟು, ಕವರಿನಲ್ಲಿ ನಿಜವಾದ ನೋಟು. ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡತೊಡಗಿದ ಮೇಲೆ ಕೆಂಗೇರಿಯಲ್ಲಿ ಮನೆ ಸಿಕ್ಕಿತು. ಬಿಡುವ ದಿನ ಓನರಮ್ಮ ಟಾರ್ಚು ಹಿಡಿದು ತಪಾಸಣೆಗೆ ಬಂದರು. ಬಾಗಿಲಿನ ಎದುರು ನಿಂತರು.

"ಈ ಮೊಳೆ ಯಾರು ಹೊಡೆದಿದ್ದು?"

ನಾನು ನಕ್ಕೆ. "ನೀವೇ ಅಮ್ಮ."

"ನಾನಾ? ನನ್ನ ಗೋಡೆಗೆ ನಾನ್ಯಾಕೆ ಹೊಡೀಲಿ, ತಲೆ ಕೆಟ್ಟಿತ್ತಾ?"

"ಸುತ್ತಿಗೆ ತಂದು, ತುಟೀಲಿ ಮೊಳೆ ಇಟ್ಕೊಂಡು..."

"ಸುಳ್ಳಾ? ಮದುವೆ ಆಗಿ ಎಂಟು ವರ್ಷ ಆದ ಹೆಂಡ್ತೀನ ಆಷಾಢಕ್ಕೆ ಕಳಿಸಿದೋನಲ್ವ ನೀನು! ನಿನ್ನ ಬಾಯಾಗ ಖರೇ ಬರತೈತೇನು?"

ಪೇಂಟಿಂಗ್ ದುಡ್ಡು ಪೂರ್ತಿ ಮುರಿದುಕೊಂಡರು. ನಾನು ಬಾಡಿಗೆಯವನಲ್ಲ, ಸಂಬಂಧಿ ಎಂದಿದ್ದರಲ್ಲ ಎಂದು ವಾದಿಸಿದೆ. "ಗೋಡೆಗೆ ಅದೆಲ್ಲ ಗೊತ್ತಾಗುತ್ತಾ?" ಎಂದರು. ಅವರು ನಿಜವಾಗಿ ಮರೆತಿದ್ದರೋ, ಮರೆತಂತೆ ಇದ್ದರೋ, ಅಥವಾ ಮೊಳೆ ಹೊಡೆದವನು ನಾನೇ ಆಗಿದ್ದು, ಅವರ ಕೈಗೆ ಸುತ್ತಿಗೆ ಕೊಟ್ಟದ್ದು ನನ್ನ ನೆನಪಿನ ಆಸೆಯೋ? ಬಾಗಿದ ಮೊದಲನೇ ಮೊಳೆಯನ್ನು ಇಟ್ಟುಕೊಂಡಿದ್ದರೆ ಸಾಕ್ಷಿಯಾಗುತ್ತಿತ್ತು. ಎಲ್ಲೋ ಕಳೆದುಕೊಂಡಿದ್ದೆ.

ಶಿವಗಣಾರಾಧನೆಯ ಊಟ ಮುಗಿಯಿತು. ಅದೂ ಆಷಾಢದಲ್ಲೇ ಬಿದ್ದಿತ್ತು. ಶಾಮಿಯಾನ ಬಿಚ್ಚುತ್ತಿದ್ದರು. ಮಗ ಫೋಟೋವನ್ನು ಎತ್ತಿಕೊಂಡು ಹಾಲಿನ ನಡುವೆ ನಿಂತಿದ್ದರು, ಕಾಲ ಬಳಿ ಡ್ರಿಲ್ಲಿಂಗ್ ಮಷಿನ್ನು.

"ಎಲ್ಲಿ ಹಾಕೋದು ಸಾರ್ ಇದನ್ನ? ಇಡೀ ಮನೇಲಿ ಒಂದು ಮೊಳೆ ಇಲ್ಲ. ಬೆಳಿಗ್ಗೆಯಿಂದ ಮಷಿನ್ ತಂದಿಟ್ಟಿದೀನಿ, ಗೋಡೆ ಮುಟ್ಟೋಕೆ ಕೈ ಬರ್ತಿಲ್ಲ. ಅಮ್ಮ ಎಲ್ಲಿಂದಾದ್ರೂ 'ಮೊಳೆ ಯಾರದು' ಅಂತಾರೇನೋ ಅನ್ಸುತ್ತೆ."

"ಮೇಲೆ ಒಂದಿದೆ" ಎಂದೆ. ಹೇಳಿದ ಮೇಲೆ ಅನುಮಾನ ಬಂತು. ಪೇಂಟ್ ಮಾಡಿಸಿದವರು ಕಿತ್ತಿರುತ್ತಾರೆ. ಅಥವಾ ಅದು ಎಂದೂ ಇರಲೇ ಇಲ್ಲ.

ಇಬ್ಬರೂ ಹತ್ತಿದೆವು. ರೂಮು ಖಾಲಿಯಿತ್ತು. ಗೋಡೆಗೆ ನಿಜವಾಗಿಯೂ ಹೊಸ ಬಣ್ಣ ಹೊಡೆಸಿದ್ದರು, ನನ್ನ ದುಡ್ಡು ಪೋಲಾಗಿರಲಿಲ್ಲ. ಬಾಗಿಲಿನ ಎದುರು, ಸ್ವಲ್ಪ ಕೆಳಮುಖವಾಗಿ, ಮೊಳೆ ಅಲ್ಲೇ ಇತ್ತು. ಅದರ ಮೇಲೂ ಬಣ್ಣ ಬಳಿದಿದ್ದರು. ಬಳಿದವನ ಸೋಮಾರಿತನವೂ ಇರಬಹುದು.

ಮಗ ಫೋಟೋ ನೇತುಹಾಕಿದರು. ಓನರಮ್ಮ ಸ್ವಲ್ಪ ಮುಂದಕ್ಕೆ ಬಾಗಿ ನಮ್ಮಿಬ್ಬರನ್ನೂ ನೋಡಿದರು.

"ಇಲ್ಲಿ ಹೆಂಗೆ ಸಾರ್?" ಎಂದರು ಮಗ, ತಲೆ ಕೆರೆದುಕೊಳ್ಳುತ್ತಾ. "ಈ ರೂಮನ್ನ ಬಾಡಿಗೆಗೆ ಕೊಡ್ಬೇಕು ಅಂತಿದೀವಿ. ಯಾರಾದ್ರೂ ನೋಡೋಕೆ ಬಂದ್ರೆ?"

"ಆಷಾಢದಲ್ಲಿ ಯಾರು ಬರ್ತಾರೆ?" ಎಂದೆ.